ಟಬ್ಬಿಗೆ ಎಣ್ಣೆ ಬಿದ್ದ ಹಬ್ಬ

ಅಕ್ಕನ ಮನೆಯ ಟಬ್ಬನ್ನು ನಾನು ಮೊದಲು ನೋಡಿದಾಗ ಅದರಲ್ಲಿ ನೀರಿರಲಿಲ್ಲ. ಶಿವಮೊಗ್ಗದ ಅಂಚಿನ ಹೊಸ ಬಡಾವಣೆಯಲ್ಲಿ ಅವರು ಕಟ್ಟಿಸಿದ ಮನೆಯ ತಾರಸಿಯ ಮೇಲೆ, ಅರ್ಧ ಹರಿದ ಪ್ಲಾಸ್ಟಿಕ್ ಹೊದಿಕೆಯ ನಡುವೆ ಅದು ಬೂದು ಬಣ್ಣದ ದೊಡ್ಡ ಬಟ್ಟಲಿನಂತೆ ಕೂತಿತ್ತು. ಒಳಗೆ ಎದುರುಬದುರು ಕೂರಲು ಆಸನಗಳು, ಬೆನ್ನಿಗೆ ನೀರು ಚಿಮ್ಮಿಸುವ ಸಣ್ಣ ಮೂತಿಗಳು, ಅಂಚಿನಲ್ಲಿ ಗುಂಡಿಗಳು. ಭಾವನಿಗೆ ಸೊಂಟನೋವು. ಯಾವುದೋ ರೆಸಾರ್ಟಿನಲ್ಲಿ ಇಂಥದೇ ಬಿಸಿನೀರಿನಲ್ಲಿ ಕೂತು ಬಂದ ಮೇಲೆ ಮನೆಯಲ್ಲೂ ಒಂದಿರಲಿ ಎಂದು ತರಿಸಿದ್ದರು.

ಅದನ್ನು ಜೋಡಿಸಲು ಬಂದಾತ ನೀರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಹೇಳಲು ಶುರುಮಾಡಿದಾಗ ಭಾವ ಫೋನಿನಲ್ಲಿದ್ದರು. ಅಕ್ಕ ನನ್ನ ಭುಜ ಹಿಡಿದು ಮುಂದೆ ನಿಲ್ಲಿಸಿದಳು.

"ಅದೆಲ್ಲ ಇವಳಿಗೆ ಹೇಳಿ. ಇವಳು ಕೆಮಿಸ್ಟ್ರಿ."

ನನ್ನ ಹೆಸರೇ ಅದೇನೋ ಎನ್ನುವ ಹಾಗೆ. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದವಳು, ನಿಜ. ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ, ಕುಲುಮೆಯನ್ನು ತಣ್ಣಗಿಡುವ ನೀರನ್ನು ಪರೀಕ್ಷಿಸುವುದೇ ನನ್ನ ಕೆಲಸ, ಅದೂ ನಿಜ. ಆದರೆ ಅಕ್ಕ ಈವರೆಗೆ ಆ ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. ಆತ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಹೊಸದೇನೂ ಇರಲಿಲ್ಲ. ಬೆಚ್ಚಗಿನ ನೀರು ಬೇಗ ಕೆಡುತ್ತದೆ. ಕ್ಲೋರಿನ್ ಕಡಿಮೆಯಾದರೆ ಲೋಳೆ ಕಟ್ಟುತ್ತದೆ, ಹೆಚ್ಚಾದರೆ ಕಣ್ಣು ಉರಿಯುತ್ತದೆ. ಮೈ ತೊಳೆದುಕೊಂಡೇ ಇಳಿಯಬೇಕು. ಸೋಪು, ಎಣ್ಣೆ, ಕ್ರೀಮು ಯಾವುದೂ ಒಳಗೆ ಹೋಗಕೂಡದು.

"ಹಂಗಾದ್ರೆ ಸ್ನಾನ ಮಾಡಿ ಸ್ನಾನಕ್ಕೆ ಇಳೀಬೇಕು ಅನ್ನಿ," ಎಂದರು ಅಕ್ಕನ ಅತ್ತೆ. ಹೊಳಲೂರಿನ ಬೇಸಾಯದ ಮನೆಯಲ್ಲಿ ಬದುಕಿನ ಬಹುಪಾಲು ಕಳೆದು ಈಗ ಮಗನ ಜೊತೆ ಪೇಟೆಗೆ ಬಂದಿರುವ ಅವರು ಯಾರನ್ನೂ ಬಿಡದೆ ಮಾತಾಡಿಸುವ ಹೆಂಗಸು. "ಊಟ ಮಾಡಿ ಛತ್ರಕ್ಕೆ ಹೋದಂಗಾಯ್ತಲ್ಲ ಮಾರಾಯ್ತಿ!"

ಎಲ್ಲರೂ ನಕ್ಕರು. ಶನಿವಾರ ಬಂದು ನೀರು ನೋಡುತ್ತೇನೆ ಎಂದು ನಾನು ಒಪ್ಪಿಕೊಂಡೆ. ಅಂದು ಅಮ್ಮನೂ ನನ್ನ ಜೊತೆ ಬಂದಿದ್ದಳು. ಮೆಟ್ಟಿಲು ಹತ್ತಿದ ಆಯಾಸಕ್ಕೆ ಮಂಡಿ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತು ಆ ಖಾಲಿ ಬಟ್ಟಲನ್ನೇ ನೋಡುತ್ತಿದ್ದಳು.

ಅಮ್ಮ ಮತ್ತು ನಾನು ಇರುವುದು ಭದ್ರಾವತಿಯಲ್ಲಿ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ. ಅಮ್ಮನ ಮಂಡಿ ಸವೆದಿದೆ ಎಂದು ಡಾಕ್ಟರು ಹೇಳಿ ಕೆಲವು ವರ್ಷಗಳಾದವು. ನಮ್ಮ ಬಚ್ಚಲಲ್ಲಿ ಹಳೆಯ ತಾಮ್ರದ ಹಂಡೆ ಇನ್ನೂ ಇದೆ. ವಾರದ ದಿನಗಳಲ್ಲಿ ಗೀಸರಿನ ನೀರು ಸಾಕಾದರೂ ಶನಿವಾರ ಸಂಜೆ ಮಾತ್ರ ನಾನು ಹಂಡೆಗೆ ಬೆಂಕಿ ಹಾಕುತ್ತಿದ್ದೆ. ಅಮ್ಮ ಮಣೆಯ ಮೇಲೆ ಕೂರುವಳು. ನಾನು ಮಂಡಿಗೆ ಎಣ್ಣೆ ತಿಕ್ಕಿ, ಸಹಿಸುವಷ್ಟು ಬಿಸಿಯಿರುವ ನೀರನ್ನು ಚೊಂಬಿನಿಂದ ನಿಧಾನವಾಗಿ ಹೊಯ್ಯುವೆ. ನಾವಿಬ್ಬರೂ ಹೆಚ್ಚು ಮಾತಾಡುವವರಲ್ಲ. "ಸಾಕಾ?" "ಇನ್ನೊಂಚೂರು." ಅಷ್ಟೇ. ಅದು ನನ್ನದೊಂದು ಕೆಲಸ ಎಂದುಕೊಂಡಿದ್ದೆ. ಅದು ನನ್ನ ಆಸ್ತಿ ಎಂದು ಗೊತ್ತಾದದ್ದು ಟಬ್ಬು ಬಂದ ಮೇಲೆ.

ಅಮ್ಮ ಮೊದಲ ಸಲ ಆ ನೀರಿಗಿಳಿದ ದಿನ ನಾನು ಪಕ್ಕದಲ್ಲೇ ಮಂಡಿಯೂರಿ ಪರೀಕ್ಷೆಯ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿ ಹಿಡಿದಿದ್ದೆ. ಬಣ್ಣ ತಿರುಗಲು ಕೆಲವು ಕ್ಷಣ ಕಾಯಬೇಕು. ಅಕ್ಕ ಮತ್ತು ಅವಳ ಅತ್ತೆ ಎರಡೂ ಕಡೆಯಿಂದ ತೋಳು ಹಿಡಿದು ಅಮ್ಮನನ್ನು ಇಳಿಸಿದರು. ನೀರು ಎದೆಯವರೆಗೆ ಬಂದಿತು. ಅಕ್ಕ ಗುಂಡಿ ಒತ್ತಿದಳು. ಬೆನ್ನಿಗೆ ನೀರು ಗುದ್ದಿದ್ದೇ ತಡ, ಅಮ್ಮ "ಅಯ್ಯಯ್ಯೋ!" ಎಂದು ಕೂಗಿ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ, ತಲೆ ಹಿಂದಕ್ಕೆಸೆದು, ಮದುವೆಯಾಗದ ಹುಡುಗಿಯ ಹಾಗೆ ನಕ್ಕಳು. ನಾನು ಅವಳ ಜೊತೆ ಇಷ್ಟು ವರ್ಷ ಇದ್ದೇನೆ. ಆ ನಗು ನಮ್ಮ ಬಚ್ಚಲಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಮಂಡಿ ನೋವೇ ಇಲ್ಲ ಕಣೇ! ಕಾಲೇ ಇಲ್ಲ ಅನ್ಸುತ್ತೆ!" ಎಂದಳು ಅಕ್ಕನಿಗೆ.

ನಾನು ಕೈಯಲ್ಲಿದ್ದ ಪಟ್ಟಿಯನ್ನು ನೋಡಿದೆ. ಕಾಯಬೇಕಾದ ಸಮಯ ಮೀರಿ ಬಣ್ಣ ಗಾಢವಾಗಿತ್ತು. ಎಸೆದು ಇನ್ನೊಂದು ತೆಗೆದುಕೊಂಡೆ.

ಅಂದಿನಿಂದ ಶನಿವಾರಗಳು ಅಕ್ಕನ ಪಾಲಾದವು. ನಾನು ಕಾರ್ಖಾನೆಯಿಂದ ಹೊರಬಂದು ರಸ್ತೆಯ ಈ ಬದಿಯಲ್ಲಿ ನಿಂತರೆ ಭದ್ರಾವತಿಯ ಬಸ್ಸು, ದಾಟಿ ಆ ಬದಿಯಲ್ಲಿ ನಿಂತರೆ ಶಿವಮೊಗ್ಗದ ಬಸ್ಸು. ಮಾಚೇನಹಳ್ಳಿ ಎರಡೂ ಊರಿನ ನಡುವೆ ಇರುವುದರಿಂದ ಶನಿವಾರ ರಸ್ತೆ ದಾಟುವುದಷ್ಟೇ ವ್ಯತ್ಯಾಸ. ಅಮ್ಮನನ್ನು ಭಾವ ಬೆಳಿಗ್ಗೆಯೇ ಕಾರಿನಲ್ಲಿ ಕರೆದುಕೊಂಡು ಹೋಗಿರುತ್ತಿದ್ದರು. ನಾನು ಹೋಗುವ ಹೊತ್ತಿಗೆ ಅವಳ ಸ್ನಾನ ಮುಗಿದಿರುತ್ತಿತ್ತು. ಕೆಂಪಗಾದ ಕೆನ್ನೆ, ಅಕ್ಕನ ಸಡಿಲ ನೈಟಿ, ಕೈಯಲ್ಲಿ ಕಾಫಿ ಲೋಟ. ನಾನು ಬ್ಯಾಗಿಟ್ಟು ಚೂಡಿದಾರದ ಕಾಲು ಮಡಚಿ ತಾರಸಿಗೆ ಹೋಗುತ್ತಿದ್ದೆ. ಫಿಲ್ಟರ್ ಹೊರತೆಗೆದು, ಸೀರೆಯ ನಿರಿಗೆಯಂಥ ಅದರ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಪೈಪಿನ ನೀರು ಬಿಡುವುದು. ನೀರಿನ ಗೆರೆಯ ಮಟ್ಟದಲ್ಲಿ ಕಟ್ಟಿದ ಜಿಡ್ಡನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುವುದು. ಮುಚ್ಚಳದ ಒಳಮೈಯನ್ನು ಒರೆಸಿ ಗಾಳಿಗೆ ಒಡ್ಡುವುದು. ಅಲ್ಲಿನ ಬೋರ್‌ವೆಲ್ ನೀರು ಗಡಸು, ಸುಣ್ಣದ ಪದರ ಬೇಗ ಕಟ್ಟುತ್ತದೆ. ಅದಕ್ಕೆ ಬೇಕಾದ ಔಷಧಿಯನ್ನು ಅಳೆದು ಹಾಕುತ್ತಿದ್ದೆ. ನಾನು ಆ ನೀರಿಗೆ ಒಮ್ಮೆಯೂ ಇಳಿಯಲಿಲ್ಲ. ಅಕ್ಕ ಕರೆದಾಗಲೆಲ್ಲ "ಬಟ್ಟೆ ತಂದಿಲ್ಲ" ಎನ್ನುತ್ತಿದ್ದೆ.

ರಾತ್ರಿ ಊಟಕ್ಕೆ ಮುಂಚೆ ನಾವಿಬ್ಬರೂ ಭದ್ರಾವತಿಗೆ ವಾಪಸು. ಬಸ್ಸಿನಲ್ಲಿ ಅಮ್ಮ ನನ್ನ ಪಕ್ಕ ಕೂತು ತೂಕಡಿಸುವಳು. ಅವಳ ಕೂದಲಲ್ಲಿ ಕ್ಲೋರಿನ್ನಿನ ತೆಳು ವಾಸನೆ ಇರುತ್ತಿತ್ತು. ಅದನ್ನು ಮೂಸಿದಾಗ ನನಗಾಗುತ್ತಿದ್ದುದಕ್ಕೆ ಹೊಟ್ಟೆಕಿಚ್ಚು ಎಂಬ ಪದವೇ ಸರಿ. ಬೇರೆ ಮರ್ಯಾದೆಯ ಪದ ಹುಡುಕಿದ್ದೆ, ಸಿಗಲಿಲ್ಲ. ಆ ವಾಸನೆಯನ್ನು ಅಳೆದು ಹಾಕಿದವಳು ನಾನೇ ಎಂಬುದು ಕಿಚ್ಚನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಅಕ್ಕನಿಗೆ ಮನೆ, ತಾರಸಿ, ಕಾರು ಇದ್ದದ್ದಕ್ಕೆ ನನಗೆ ಎಂದೂ ಏನೂ ಅನಿಸಿರಲಿಲ್ಲ. ಅಮ್ಮನ ನಗು ಅವಳ ಮನೆಯಲ್ಲಿ ಸಿಗುತ್ತದೆ ಎನ್ನುವುದನ್ನು ಸಹಿಸಲಾಗಲಿಲ್ಲ.

ದಸರಾ ಮುಗಿದ ಮೇಲೊಂದು ಶನಿವಾರ ಅಕ್ಕ ಎಲ್ಲರೆದುರು ಹೇಳಿದಳು.

"ಚಳಿ ಶುರುವಾಗುತ್ತೆ. ಇನ್ಮೇಲೆ ಅಮ್ಮ ಇಲ್ಲೇ ಇರ್ಲಿ. ದಿನಾ ನೀರಲ್ಲಿ ಕೂತ್ರೆ ಮಂಡಿಗೂ ಒಳ್ಳೇದು. ಅಲ್ಲಿ ಇವಳು ಬೆಳಿಗ್ಗೆ ಹೋದ್ರೆ ಸಂಜೆ ಬರ್ತಾಳೆ, ಅಮ್ಮಂಗೆ ಗೋಡೆ ನೋಡಿ ನೋಡಿ ಸಾಕಾಗಿರುತ್ತೆ."

"ಇವಳು ಒಬ್ಬಳೇ ಏನ್ಮಾಡ್ತಾಳೆ?" ಎಂದಳು ಅಮ್ಮ, ನನ್ನನ್ನು ನೋಡದೆ.

"ಅವಳೂ ಬರ್ಲಿ. ರೂಮಿದೆಯಲ್ಲ."

ಅಕ್ಕ ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನು ಅಕ್ಕನ ಮನೆಯ ಒಂದು ಕೋಣೆಯಲ್ಲಿ, ಅವಳ ಟಬ್ಬಿನ ನೀರು ನೋಡುತ್ತಾ ಇರುವುದನ್ನು ಊಹಿಸಿಕೊಂಡೆ. "ನಂಗೆ ಭದ್ರಾವತಿನೇ ಸರಿ," ಎಂದೆ. ಅಮ್ಮ ಕಾಫಿ ಲೋಟ ಕೆಳಗಿಟ್ಟು, "ದೀಪಾವಳಿ ಕಳೀಲಿ. ಹೇಳ್ತೀನಿ," ಎಂದಳು. ಹಬ್ಬಕ್ಕೆ ಮಾತ್ರ ಈ ಸಲ ಇಲ್ಲಿಗೇ ಬರುತ್ತೇನೆ ಎಂದೂ ಸೇರಿಸಿದಳು.

ನರಕ ಚತುರ್ದಶಿಯ ಬೆಳಿಗ್ಗೆ ನಮ್ಮ ತಲೆಗೆ ಎಣ್ಣೆ ಹಚ್ಚುವುದು ಅಮ್ಮ. ಚಿಕ್ಕಂದಿನಿಂದಲೂ ಅಷ್ಟೇ. ಅಕ್ಕನ ಮದುವೆಯಾದ ಮೇಲೆ ನನ್ನೊಬ್ಬಳ ತಲೆಗೆ. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ, ಕೊರಳಿಗೆ ಬೇಲಿಯಲ್ಲಿ ಬೆಳೆಯುವ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಸುಣ್ಣದ ಪಟ್ಟೆ ಬಳಿದು, ಅರಿಶಿನ ಕುಂಕುಮ ಇಟ್ಟು, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ಆ ಸಂಜೆ ನಾನು ಭದ್ರಾವತಿಯಲ್ಲೇ ಉಳಿದೆ. ಬೆಳಿಗ್ಗೆ ಬರುತ್ತೇನೆ ಎಂದಿದ್ದೆ. ಒಬ್ಬಳೇ ಹಂಡೆ ತಿಕ್ಕಿದೆ, ಬಳ್ಳಿ ಸುತ್ತಿದೆ. ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ನೀರು ತುಂಬಿಸಿದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ತಮಿಳು ಆಂಟಿ ಇಣುಕಿ, "ಏನಮ್ಮಾ, ಒಬ್ಬಳೇನಾ? ಅಮ್ಮ ಅಲ್ಲೇ ಸೆಟ್ಲ್ ಆಗ್ಬಿಟ್ರಾ?" ಎಂದರು. "ಇಲ್ಲ ಆಂಟಿ, ಹಬ್ಬಕ್ಕೆ ಹೋಗಿದಾರೆ," ಎಂದೆ. ಒಳಗೆ ಬಂದು ಒಂದು ಸಲ ಬಾಗಿಲು ಜೋರಾಗಿ ಹಾಕಿದೆ.

ಬೆಳಿಗ್ಗೆ ನಾನು ಹೊರಡುವ ಮೊದಲೇ ಅಕ್ಕನ ಫೋನು ಬಂತು.

"ಬೇಗ ಬಾರೇ. ಟಬ್ಬು ಕೆಟ್ಟೋಯ್ತು. ನೀರೆಲ್ಲ ಏನೇನೋ ಆಗಿದೆ, ಅವರು ನನ್ ಮೇಲೆ ಕೂಗಾಡ್ತಿದಾರೆ."

ಬಸ್ಸಿನಲ್ಲಿ ಕೂತಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಟಬ್ಬಿಲ್ಲದಿದ್ದರೆ ಅಮ್ಮ ಅಲ್ಲಿರಲು ಕಾರಣವೇನಿದೆ?

ತಾರಸಿಗೆ ಹತ್ತಿ ನೋಡಿದಾಗ ಆದದ್ದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಕ್ಕನ ಅತ್ತೆ ನೀರು ತುಂಬುವ ಹಬ್ಬವನ್ನು ಟಬ್ಬಿಗೇ ಮಾಡಿದ್ದರು. ಅದರ ಸುತ್ತ ಹಿಂಡಲೆಕಾಯಿಯ ಬಳ್ಳಿ, ಅಂಚಿಗೆಲ್ಲ ಸುಣ್ಣದ ಪಟ್ಟೆ, ಪ್ರತಿ ಆಸನದ ಮೇಲ್ಭಾಗದಲ್ಲೂ ಅರಿಶಿನ ಕುಂಕುಮ. ಬೆಳಿಗ್ಗೆ ಮನೆಯವರೆಲ್ಲ ತಲೆಗೂ ಮೈಗೂ ಎಣ್ಣೆ ಹಚ್ಚಿಕೊಂಡು ಹಿರಿಯರಿಂದ ಮೊದಲ್ಗೊಂಡು ಇಳಿದಿದ್ದರು. ಒಳಗೇ ಸೀಗೆಪುಡಿ ಹಾಕಿ ತಿಕ್ಕಿಕೊಂಡಿದ್ದರು. ಅಷ್ಟರ ಮೇಲೆ ಗುಂಡಿ ಒತ್ತಿದ್ದರು. ನೊರೆ ಮೊಣಕಾಲೆತ್ತರ ಎದ್ದು ತಾರಸಿಗೆಲ್ಲ ಹರಿದಿತ್ತು. ಈಗ ನೊರೆ ಇಳಿದು, ಕೆಸರು ಬಣ್ಣದ ನೀರಿನ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ಸುಣ್ಣಕ್ಕೆ ಅರಿಶಿನ ಸೇರಿದ ಕಡೆಯೆಲ್ಲ ಆರತಿಯ ನೀರಿನಂಥ ಕೆಂಪು. ಫಿಲ್ಟರ್ ಕಟ್ಟಿಕೊಂಡು ಯಂತ್ರ ತಾನೇ ನಿಂತುಹೋಗಿತ್ತು.

"ಎಣ್ಣೆ ಹಾಕ್ಬಾರ್ದು ಅಂತ ಹೇಳಿದ್ದೆನಲ್ಲ," ಎಂದೆ.

"ದಿನಾ ಹಾಕ್ಬಾರ್ದು ಅಂದಿದ್ದೆ ನೀನು. ಇವತ್ತು ಹಬ್ಬ," ಎಂದರು ಅಕ್ಕನ ಅತ್ತೆ, ಸ್ವಲ್ಪವೂ ಸೋಲದೆ. "ನೀರು ಕಾಯೋದು ಯಾವ್ದೋ ಅದೇ ಹಂಡೆ. ಹಂಡೆಗೆ ಪೂಜೆ ಮಾಡ್ದೆ ಇರಕ್ಕಾಗುತ್ತಾ? ಎಣ್ಣೆ ಇಲ್ದೆ ಚತುರ್ದಶಿ ಸ್ನಾನ ಅಂದ್ರೆ ಏನ್ ಸ್ನಾನ ಮಾರಾಯ್ತಿ, ಕಾಗೆ ಸ್ನಾನ!"

"ಈಗ ಹಂಡೆ ಸತ್ತೋಯ್ತಲ್ಲಮ್ಮ," ಎಂದರು ಭಾವ ಬೇಸರದಿಂದ. ನನ್ನ ಕಡೆ ತಿರುಗಿ, "ಸರಿಯಾಗುತ್ತಾ ಇದು? ಇಲ್ಲಾಂದ್ರೆ ತೆಗೆದು ಹಾಕ್ತೀನಿ. ನನಗಂತೂ ಸಾಕಾಯ್ತು," ಎಂದರು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಅಮ್ಮನೂ. ಸ್ನಾನ ಮುಗಿಸಿ ಹೊಸ ಸೀರೆಯುಟ್ಟು, ಒದ್ದೆ ತಲೆಗೆ ಟವಲು ಸುತ್ತಿಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದ ಅವಳು ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ನನ್ನ ಬಾಯಿಂದ ಬರುವ ಉತ್ತರಕ್ಕೆ ಅವಳು ಕಾಯುತ್ತಿದ್ದ ರೀತಿ ನನಗೆ ಇಷ್ಟವಾಗಲಿಲ್ಲ. ಡಾಕ್ಟರ ಮುಂದೆ ಕೂತಾಗ ಹಾಗೆ ಕಾಯುತ್ತಾಳೆ.

"ಆಗುತ್ತೆ. ಇವತ್ತೆಲ್ಲ ಬೇಕು," ಎಂದೆ.

ಬಳ್ಳಿಗಳನ್ನು ತೆಗೆದೆ. ಫಿಲ್ಟರನ್ನು ಎತ್ತಿದಾಗ ಅದು ಎರಡರಷ್ಟು ಭಾರವಾಗಿತ್ತು, ಮಡಿಕೆಗಳ ತುಂಬ ಸೀಗೆಪುಡಿಯ ಕೆಸರು. ಅದನ್ನು ಎಣ್ಣೆ ಬಿಡಿಸುವ ದ್ರಾವಣದ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ಫಿಲ್ಟರಿಲ್ಲದೆಯೇ ಪಂಪು ಓಡಿಸಿ, ಕೊಳವೆಗಳನ್ನು ತೊಳೆಯುವ ಔಷಧಿ ಹಾಕಿದೆ. ಒಳಗಿನ ಜಿಡ್ಡೆಲ್ಲ ಬೂದು ನೊರೆಯಾಗಿ ಹೊರಬಂತು. ಆಮೇಲೆ ನೀರು ಖಾಲಿ ಮಾಡಿದೆ. ಭಾವ ಪೈಪನ್ನು ತೆಂಗಿನ ಬುಡಕ್ಕೆ ಬಿಡಲು ಹೋದರು. ಬೇಡ, ಚರಂಡಿಗೇ ಹೋಗಲಿ ಎಂದೆ.

ನೀರು ಇಳಿದ ಮೇಲೆ ಬರಿಗಾಲಲ್ಲಿ ಒಳಗಿಳಿದೆ. ನಾನು ಆ ಟಬ್ಬಿನೊಳಗೆ ಕೂತದ್ದು ಅದೇ ಮೊದಲು. ಅಮ್ಮ ಕೂರುತ್ತಿದ್ದ ಜಾಗ ಯಾವುದೆಂದು ಗೊತ್ತಿತ್ತು. ಅಲ್ಲಿಂದ ಶುರುಮಾಡಿದೆ. ಅರಿಶಿನದ ಕಲೆಗೆ ಸೋಪು ಹಾಕಿದರೆ ಇನ್ನಷ್ಟು ಕೆಂಪಾಗುತ್ತದೆ. ವಿನಿಗರ್ ಅದ್ದಿದ ಬಟ್ಟೆ ಇಟ್ಟರೆ ಸುಣ್ಣ ಕರಗಿ ಕೆಂಪು ಮತ್ತೆ ಹಳದಿಯಾಗುತ್ತದೆ. ಉಳಿದ ಹಳದಿಯನ್ನು ಬಿಸಿಲು ತೆಗೆಯುತ್ತದೆ. ಅಂದು ಒಳ್ಳೆ ಬಿಸಿಲಿತ್ತು. ಒಂದೊಂದೇ ಮೂತಿಯನ್ನು ತಿರುಗಿಸಿ ಬಿಚ್ಚಿ ತೊಳೆದೆ. ಕೈ ಕೆಲಸ ಮಾಡುತ್ತಿತ್ತು, ತಲೆ ಒಂದೇ ಮಾತನ್ನು ಹೇಳುತ್ತಿತ್ತು: ಇದನ್ನು ಎಷ್ಟು ಚೆನ್ನಾಗಿ ತೊಳೆಯುತ್ತೀಯೋ ಅಮ್ಮ ಅಷ್ಟು ದೂರ ಹೋಗುತ್ತಾಳೆ. ಆದರೂ ಕೆಲಸವನ್ನು ಕೆಟ್ಟದಾಗಿ ಮಾಡಲು ನನಗೆ ಬರುವುದಿಲ್ಲ.

ಮೇಲೆ ನೆರಳು ಬಿದ್ದಂತಾಗಿ ತಲೆಯೆತ್ತಿದೆ. ಅಮ್ಮ ಟಬ್ಬಿನ ಅಂಚಿನ ಮೇಲೆ ಕೂತು, ಮಂಡಿಯನ್ನು ಕೈಯಿಂದ ಎತ್ತಿ ಒಂದೊಂದೇ ಕಾಲನ್ನು ಒಳಗೆ ಇಳಿಸುತ್ತಿದ್ದಳು. ಪಕ್ಕದಲ್ಲಿ ಎಣ್ಣೆಯ ಬಟ್ಟಲಿತ್ತು.

"ಬಾ ಇಲ್ಲಿ. ನಿಂಗಿನ್ನೂ ಎಣ್ಣೆ ಹಚ್ಚಿಲ್ಲ."

"ಅಮ್ಮಾ, ಈಗ ತಾನೇ ಒರೆಸಿದೀನಿ! ಎಣ್ಣೆ ಬೀಳುತ್ತೆ."

"ಬೀಳ್ಲಿ. ಇನ್ನೊಂದ್ಸಲ ಒರೆಸು. ತಿರುಗು."

ನಾನು ಅವಳ ಕಾಲುಗಳ ನಡುವೆ ಬೆನ್ನು ಮಾಡಿ ಕೂತೆ. ಬೆಚ್ಚಗಿನ ಎಣ್ಣೆ ನೆತ್ತಿಗೆ ಬಿತ್ತು. ಅವಳ ಬೆರಳುಗಳು ಯಾವತ್ತಿನಂತೆ ನೆತ್ತಿಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕತ್ತಿಗೆ ಹೋದವು. ಒಂದು ಹನಿ ಜಾರಿ ಒರೆಸಿದ ಆಸನದ ಮೇಲೆ ಬಿತ್ತು. ನಾನು ನೋಡಿದೆ, ಒರೆಸಲಿಲ್ಲ.

ಅಕ್ಕ ಕಾಫಿ ತಂದವಳು ಅಲ್ಲೇ ನಿಂತಳು. ಸ್ವಲ್ಪ ಹೊತ್ತು ನೋಡಿ, "ನಂಗೆ ಬೆಳಿಗ್ಗೆ ಇಷ್ಟೊತ್ತು ಹಚ್ಚಲಿಲ್ಲ ನೀನು," ಎಂದಳು.

"ನಿಂಗೆ ಹಚ್ಚೋವಾಗ ಎಲ್ರೂ ಕಾಯ್ತಿದ್ರು," ಎಂದಳು ಅಮ್ಮ.

"ಎರಡು ಸಲ ತಟ್ಟಿ ಬಿಟ್ಟೆ. ಅವಳಿಗಾದ್ರೆ ಕತ್ತಿಗೆಲ್ಲ."

ಅಕ್ಕ ನಗುತ್ತಲೇ ಹೇಳಿದಳು. ಆದರೆ ಲೋಟವನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು ಹೋದಳು. ಅವಳ ದನಿಯಲ್ಲಿದ್ದದ್ದು ನನಗೆ ಚೆನ್ನಾಗಿ ಪರಿಚಯವಿತ್ತು. ಅದನ್ನು ಕೇಳಿ ಹಿತವಾಯಿತು ಎಂದರೆ ಸುಳ್ಳಲ್ಲ.

ಅವಳು ಹೋದ ಮೇಲೆ ಅಮ್ಮ ನನ್ನ ಕತ್ತಿನ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು.

"ಚಳಿ ಮುಗಿಯೋವರೆಗೂ ಇಲ್ಲಿರ್ತೀನಿ ಕಣೇ. ಶಿವರಾತ್ರಿ ಹೊತ್ತಿಗೆ ಬರ್ತೀನಿ."

ನಾನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದೆ.

"ನಿನ್ ನೀರು ಕಮ್ಮಿ ಅಂತಲ್ಲ. ನೀನು ಕೆಲಸ ಮುಗ್ಸಿ ಬಂದು, ಸೌದೆ ಒಟ್ಟಿ, ಬಗ್ಗಿ ಬಗ್ಗಿ ಹೊಯ್ತೀಯಲ್ಲ, ಆವಾಗ ನಂಗೆ ನಗಕ್ಕೂ ಭಯ ಆಗುತ್ತೆ. ಇಲ್ಲಿ ಗುಂಡಿ ಒತ್ತಿದ್ರೆ ಆಯ್ತು. ಯಾರಿಗೂ ಕಷ್ಟ ಇಲ್ಲ."

ಆ ಗುಂಡಿಯ ಹಿಂದೆ ಇರುವುದೆಲ್ಲ ನಾನೇ ಎಂದು ಹೇಳಬೇಕೆನಿಸಿತು. ಫಿಲ್ಟರು, ಪಟ್ಟಿ, ಅಳೆದ ಔಷಧಿ, ಈಗ ಬೆರಳ ಸಂದಿಯಲ್ಲಿ ಉರಿಯುತ್ತಿರುವ ವಿನಿಗರ್. ಹೇಳಲಿಲ್ಲ. ಅದು ಗೊತ್ತಾದರೆ ಅವಳು ಇಲ್ಲೂ ನಗುವುದನ್ನು ನಿಲ್ಲಿಸುತ್ತಾಳೆ.

"ಶನಿವಾರ ಬರ್ತೀಯಲ್ಲ?" ಎಂದಳು.

"ಫಿಲ್ಟರ್ ತೊಳೀಬೇಕಲ್ಲ. ಬರ್ತೀನಿ."

ಎಣ್ಣೆಯ ಹನಿ ಒರೆಸಿದೆ. ಕಲೆಗಳು ಬಿಸಿಲಿಗೆ ಮಾಸಿದ್ದವು. ಅಕ್ಕನ ಅತ್ತೆಯ ಆಸನದ ಮೇಲೆ ಒಂದು ತೆಳು ಹಳದಿ ಮಾತ್ರ ಉಳಿದಿತ್ತು. "ಅದು ಇರ್ಲಿ ಬಿಡು, ಕುಂಕುಮದ ಜಾಗ," ಎಂದರು ಅವರು. ಹೊಸ ನೀರು ತುಂಬಿಸಿ, ಮನೆಯಲ್ಲಿದ್ದ ಇನ್ನೊಂದು ಫಿಲ್ಟರ್ ಹಾಕಿ, ಪಟ್ಟಿ ಅದ್ದಿ ನೋಡಿದೆ. ಕಾಯುವಷ್ಟು ಕಾದೆ. ಬಣ್ಣ ಸರಿಯಾಗಿತ್ತು. ಬೆಳಿಗ್ಗೆಯ ಹೊತ್ತಿಗೆ ಬಿಸಿಯಾಗುತ್ತದೆ, ಅಮ್ಮ ಇಳಿಯಬಹುದು ಎಂದು ಹೇಳಿ ಹೊರಟೆ. ಇಲ್ಲೇ ತಲೆ ತೊಳೆದುಕೋ ಎಂದು ಅಕ್ಕ ಎರಡು ಸಲ ಹೇಳಿದಳು. ಮನೆಗೆ ಹೋಗಿ ಮಾಡ್ತೀನಿ ಎಂದೆ.

ಬಸ್ಸಿನಲ್ಲಿ ಎಣ್ಣೆ ತಲೆಯನ್ನು ಕಿಟಕಿಯ ಗಾಜಿಗೆ ತಾಗಿಸದೆ ನೆಟ್ಟಗೆ ಕೂತಿದ್ದೆ. ಮನೆಗೆ ಬಂದಾಗ ಸಂಜೆಯಾಗಿತ್ತು. ಹಂಡೆ ಬಳ್ಳಿ ಸುತ್ತಿಕೊಂಡು ನಿಂತಿತ್ತು, ಇಬ್ಬರಿಗಾಗುವಷ್ಟು ನೀರು ಹಾಗೇ ಇತ್ತು. ಬೆಂಕಿ ಹಾಕಿದೆ. ನೀರು ಕಾದು ಆವಿ ಏಳುವ ಹೊತ್ತಿಗೆ ಫೋನು ಬಂತು. ಅಕ್ಕ.

"ಅಮ್ಮ ಕೇಳ್ತಿದಾಳೆ, ತಲೆ ತೊಳ್ಕೊಂಡ್ಯಾ ಅಂತ. ಹಬ್ಬದ ದಿನ ಎಣ್ಣೆ ಇಟ್ಕೊಂಡು ಮಲಗ್ಬಾರ್ದಂತೆ."

"ಇನ್ನೂ ಇಲ್ಲ," ಎಂದೆ.

ಫೋನಿಟ್ಟು ಮೈಗೆ ಮಾತ್ರ ನೀರು ಹೊಯ್ದುಕೊಂಡೆ. ತಲೆಯ ಎಣ್ಣೆಯನ್ನು ಹಾಗೇ ಬಿಟ್ಟೆ.